ಅಪೋಫಿಸ್ 2029: ಎಲ್ರೂ ಕೇಳೋ ಪ್ರಶ್ನೆಗಳಿಗೆ ಒಂದೇ ಕಡೆ ಉತ್ತರ

ನಮ್ಮ ಅತ್ತೆ ಅರಸೀಕೆರೆ ಹತ್ರ ಹಳ್ಳಿಲಿರೋದು. ಹೋದ ಸಲ ಟಿವಿಲಿ ಏನೋ ನೋಡಿ ರಾತ್ರಿ ಹತ್ತೂವರೆಗೆ ಫೋನ್ ಮಾಡಿದ್ರು, "ಲೋ ಮಗಾ, ಇಪ್ಪತ್ತೊಂಬತ್ತನೇ ಇಸ್ವಿಗೆ ಬಂಡೆ ಬೀಳ್ತದಂತಲ್ಲೋ, ನಮ್ಮ ಪುಟ್ಟನಿಗೆ ಆಗ ಎಷ್ಟಾಗಿರುತ್ತೆ ವಯಸ್ಸು?" ಅಂತ. ಆ ಕೊನೆ ಪ್ರಶ್ನೆ ಕೇಳಿ ನಂಗೆ ಹೊಟ್ಟೆಲಿ ಕಿವುಚಿದಂಗಾಯ್ತು. ಅವತ್ತಿಂದ ಯಾರು ಏನೇ ಕೇಳಿದ್ರೂ ಬರೆದಿಟ್ಕೊಂಡಿದ್ದೆ, ಈಗ ಎಲ್ಲಾ ಒಂದೇ ಕಡೆ ಹಾಕ್ತಿದೀನಿ. ನಿಮ್ಮ ಮನೆ ಗ್ರೂಪಲ್ಲಿ ಯಾರಾದ್ರೂ ಹೆದರಿಕೊಂಡಿದ್ರೆ ಇದನ್ನೇ ಕಳ್ಸಿ.

ಏನಿದು ಅಪೋಫಿಸ್ ಅಂದ್ರೆ?

ಒಂದು ಕ್ಷುದ್ರಗ್ರಹ, ಅಂದ್ರೆ ಸೂರ್ಯನ ಸುತ್ತ ಸುತ್ತೋ ಕಲ್ಲಿನ ಗುಡ್ಡ. ಸರಾಸರಿ 340 ಮೀಟರ್ ಅಗಲ, ಉದ್ದ ಕಡೆ 450 ಮೀಟರ್ ಇರಬಹುದು. ರಾಡಾರ್ ಚಿತ್ರದಲ್ಲಿ ಎರಡು ಉಂಡೆ ಅಂಟಿಸಿದಂಗೆ, ಸುಮಾರಾಗಿ ನೆಲಗಡಲೆ ಕಾಯಿ ತರ ಕಾಣುತ್ತೆ. 2004ರ ಜೂನ್ 19ಕ್ಕೆ ಅಮೆರಿಕದ ಅರಿಜೋನಾದ ಕಿಟ್ ಪೀಕ್ ವೀಕ್ಷಣಾಲಯದಿಂದ ರಾಯ್ ಟಕರ್, ಡೇವಿಡ್ ಥೋಲೆನ್, ಫ್ಯಾಬ್ರಿಜಿಯೋ ಬರ್ನಾರ್ಡಿ ಅನ್ನೋ ಮೂವರು ಇದನ್ನ ಕಂಡುಹಿಡಿದ್ರು. ಎರಡು ರಾತ್ರಿ ನೋಡಿದ್ದಷ್ಟೇ, ಆಮೇಲೆ ಕೈಗೆ ಸಿಗದೆ ಹೋಗಿ ಡಿಸೆಂಬರಲ್ಲಿ ಆಸ್ಟ್ರೇಲಿಯಾದಿಂದ ಮತ್ತೆ ಸಿಕ್ತು. ಮೊದಮೊದಲು ಹೆಸರು ಬರೀ 2004 ಎಂಎನ್4. ಈಗ ಅದರ ಖಾಯಂ ನಂಬರ್ 99942. ಅಪೋಫಿಸ್ ಅನ್ನೋದು ಹಳೇ ಈಜಿಪ್ಟಿನವರ ಕಥೆಲಿ ಬರೋ ದೊಡ್ಡ ಸರ್ಪದ ಹೆಸರು, ದಿನಾ ರಾತ್ರಿ ಸೂರ್ಯದೇವರನ್ನ ನುಂಗೋಕೆ ನೋಡುತ್ತೆ ಅಂತ ಅವರ ನಂಬಿಕೆ. ನಮ್ಮ ರಾಹು ಕೇತು ನೆನಪಾಗೋದು ಸಹಜ. ಹೆಸರು ಕೇಳೇ ಅರ್ಧ ಜನ ಹೆದರ್ತಾರೆ, ಆದ್ರೆ ಹೆಸರಿಟ್ಟೋರು ನಾವು, ಆ ಕಲ್ಲಿಗೆ ಅದರ ಗೊಡವೆನೇ ಇಲ್ಲ.

ಭೂಮಿಗೆ ಬಡಿಯುತ್ತಾ ಇಲ್ವಾ, ಅದನ್ನ ಮೊದಲು ಹೇಳಿ

ಇಲ್ಲ. 2029ರಲ್ಲೂ ಇಲ್ಲ, 2036ರಲ್ಲೂ ಇಲ್ಲ, 2068ರಲ್ಲೂ ಇಲ್ಲ. 2021ರ ಮಾರ್ಚ್‌ನಲ್ಲಿ ನಾಸಾದವರು ಮುಂದಿನ 100 ವರ್ಷನಾದ್ರೂ ಇದರಿಂದ ಭೂಮಿಗೆ ಅಪಾಯ ಇಲ್ಲ ಅಂತ ಹೇಳಿ ತಮ್ಮ ಅಪಾಯದ ಪಟ್ಟಿಯಿಂದಲೇ ಹೆಸರು ತೆಗೆದುಹಾಕಿದ್ರು. ಅಷ್ಟು ಖಂಡಿತವಾಗಿ ಹೇಗೆ ಹೇಳ್ತಾರೆ ಅನ್ನೋದನ್ನ ಕೆಳಗೆ ಬರೀತೀನಿ, ನಂಗೆ ಅದೇ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ.

ಯಾವತ್ತು ಬರೋದು, ಎಷ್ಟು ಹತ್ತಿರ?

ಲಂಡನ್ನಿನ ಗ್ರೀನಿಚ್ ಟೈಮ್ ಪ್ರಕಾರ 2029ರ ಏಪ್ರಿಲ್ 13, ಶುಕ್ರವಾರ ರಾತ್ರಿ ಒಂಬತ್ತೂಮುಕ್ಕಾಲು. ನಮ್ಮ ಟೈಮಲ್ಲಿ ಏಪ್ರಿಲ್ 14ರ ಶನಿವಾರ ಬೆಳಗಿನ ಜಾವ ಮೂರೂಕಾಲು, ಅಂಬೇಡ್ಕರ್ ಜಯಂತಿ ದಿನ. ಆಗ ಭೂಮಿಯ ನೆಲದಿಂದ ಸುಮಾರು 32,000 ಕಿಮೀ ದೂರದಲ್ಲಿರುತ್ತೆ. ಸೆಕೆಂಡಿಗೆ 7 ಕಿಮೀಗೂ ಜಾಸ್ತಿ ಸ್ಪೀಡಲ್ಲಿ ಪಕ್ಕದಲ್ಲೇ ಹಾದು ಹೋಗುತ್ತೆ.

ಈ ನಂಬರ್ ಹಂಗೇ ಹೇಳಿದ್ರೆ ಯಾರಿಗೂ ಅಂದಾಜಾಗಲ್ಲ, ಅದಕ್ಕೆ ಅತ್ತೆಗೆ ನಾನು ಹೇಳಿದ್ದು ಹೀಗೆ. ಒಂದು ನಿಂಬೆಹಣ್ಣು ತಗೊಳ್ಳಿ, 4 ಸೆಂಟಿಮೀಟರ್ ಅಗಲದ್ದು, ಅದೇ ಭೂಮಿ ಅಂತ ಟೇಬಲ್ ಮೇಲೆ ಇಡಿ. ಚಂದ್ರ ಅನ್ನೋದು ಅಲ್ಲಿಂದ ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ದೂರದಲ್ಲಿರೋ ಗೋಲಿ. ಅಪೋಫಿಸ್ ಹಾದು ಹೋಗೋದು ನಿಂಬೆಹಣ್ಣಿನ ಸಿಪ್ಪೆಯಿಂದ ಹತ್ತು ಸೆಂಟಿಮೀಟರ್ ದೂರದಲ್ಲಿ, ಅಂದ್ರೆ ಅರ್ಧ ಗೇಣು. ಮತ್ತೆ ಈ ಲೆಕ್ಕದಲ್ಲಿ ಅಪೋಫಿಸ್ ಗಾತ್ರ ಎಷ್ಟು ಗೊತ್ತಾ, ನುಣ್ಣಗೆ ಬೀಸಿದ ರಾಗಿ ಹಿಟ್ಟಿನ ಒಂದು ಕಣಕ್ಕಿಂತ ಚಿಕ್ಕದು, ಕಣ್ಣಿಗೇ ಕಾಣಲ್ಲ. 2021ರಲ್ಲಿ ಬಂದಾಗ ಇದೇ ಅಳತೆಲಿ 50 ಮೀಟರ್ ಆಚೆ ಇತ್ತು, ಅಂದ್ರೆ ನಿಜವಾಗಿ ಸುಮಾರು 1.7 ಕೋಟಿ ಕಿಮೀ. ಹಂಗಾಗಿ 2029ರದ್ದು ನಿಜವಾಗ್ಲೂ ಹತ್ತಿರ, ಅದನ್ನ ಕಮ್ಮಿ ಮಾಡಿ ಹೇಳೋದು ಬೇಡ. ಇಷ್ಟು ದೊಡ್ಡದು ಇಷ್ಟು ಹತ್ತಿರ ಬರೋದು ಸಾವಿರಾರು ವರ್ಷಕ್ಕೊಂದ್ಸಲ. ಆದ್ರೆ ಅರ್ಧ ಗೇಣು ಅರ್ಧ ಗೇಣೇ, ತಾಗಲ್ಲ.

ಸ್ಯಾಟಲೈಟ್‌ಗಳಿಗೆ ಡಿಕ್ಕಿ ಹೊಡೆಯಲ್ವಾ?

ಒಳ್ಳೆ ಪ್ರಶ್ನೆ. ನಿಮ್ಮ ಮನೆ ತಾರಸಿ ಮೇಲಿರೋ ಡಿಶ್ ಆಂಟೆನಾ ನೋಡಿ, ಅದು ಮುಖ ಮಾಡಿರೋ ಸ್ಯಾಟಲೈಟು ಸಮಭಾಜಕದ ಮೇಲೆ 35,786 ಕಿಮೀ ಎತ್ತರದಲ್ಲಿ ಒಂದೇ ಕಡೆ ನಿಂತಂಗೆ ಇರುತ್ತೆ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆಯಲ್ಲ, ನಮ್ಮ ಇನ್ಸಾಟ್ ಜಿಸಾಟ್ ಎಲ್ಲಾ ಅಲ್ಲಿಂದ ನೋಡ್ಕೊಳ್ಳೋದು. ಅಪೋಫಿಸ್ ಆ ಎತ್ತರಕ್ಕಿಂತ ಒಳಗೆ ಬರುತ್ತೆ, ಅದಕ್ಕೇ "ಟಿವಿ ಸ್ಯಾಟಲೈಟಿಗಿಂತ ಹತ್ತಿರ" ಅಂತ ಎಲ್ಲಾ ಕಡೆ ಬರೀತಾರೆ. ಆದ್ರೆ ಸ್ಯಾಟಲೈಟ್ ಎಲ್ಲಾ ಸಮಭಾಜಕದ ಸುತ್ತ ಒಂದು ಬಳೆ ತರ ಸಾಲಾಗಿವೆ, ಇದು ಆ ಬಳೆಯ ಜೊತೆ ಸಾಗಲ್ಲ, ಓರೆಯಾಗಿ ದಕ್ಷಿಣದಿಂದ ಉತ್ತರಕ್ಕೆ ದಾಟಿ ಹೋಗುತ್ತೆ. ಡಿಕ್ಕಿ ಭಯ ಇಲ್ಲ.

2004ರಲ್ಲಿ ವಿಜ್ಞಾನಿಗಳೇ ಬಡಿಯಬಹುದು ಅಂದಿದ್ರಲ್ಲ, ಈಗ ಇಲ್ಲ ಅಂದ್ರೆ ಹೆಂಗೆ ನಂಬೋದು?

ಇದನ್ನ ಎಷ್ಟು ಜನ ಕೇಳಿದಾರೋ ಲೆಕ್ಕ ಇಲ್ಲ, ಹಂಗಾಗಿ ಸ್ವಲ್ಪ ಉದ್ದವಾಗೇ ಬರೀತೀನಿ.

ಹೌದು, ಅಂದಿದ್ರು. 2004ರ ಡಿಸೆಂಬರ್ ಕೊನೆ ವಾರ ದಿನಾ ಹೊಸ ಅಳತೆ ಬರ್ತಾ ಬರ್ತಾ 2029ರಲ್ಲಿ ಬಡಿಯೋ ಸಂಭವ ಏರ್ತಾನೇ ಹೋಯ್ತು, 27ನೇ ತಾರೀಖು 2.7 ಪರ್ಸೆಂಟ್ ಮುಟ್ತು. ಅಂದ್ರೆ 37ರಲ್ಲಿ ಒಂದು ಚಾನ್ಸು. ಟೊರಿನೊ ಮಾಪಕ ಅಂತ ಸೊನ್ನೆಯಿಂದ ಹತ್ತರವರೆಗೆ ಅಪಾಯ ಅಳೆಯೋ ಸ್ಕೇಲಿದೆ, ಅದರಲ್ಲಿ 4 ಮುಟ್ಟಿದ್ದು ಇದೊಂದೇ. ಆ ಸುದ್ದಿ ಜಾಸ್ತಿ ಜನಕ್ಕೆ ಗೊತ್ತೇ ಆಗಲಿಲ್ಲ ಯಾಕಂದ್ರೆ ಹಿಂದಿನ ದಿನ, 26ನೇ ತಾರೀಖು, ಸುನಾಮಿ ಬಂದಿತ್ತು. ನಾವೆಲ್ಲಾ ಟಿವಿ ಮುಂದೆ ನಾಗಪಟ್ಟಣ, ಅಂಡಮಾನ್ ಅಂತ ಅಳ್ತಾ ಕೂತಿದ್ವಿ.

ಈಗ ಚಾನ್ಸ್ ಯಾಕೆ ಏರ್ತು ಆಮೇಲೆ ಯಾಕೆ ಸೊನ್ನೆ ಆಯ್ತು ಅನ್ನೋದಕ್ಕೆ ನಮ್ಮನೇಲಿ ನಡೆದಿದ್ದೇ ಹೇಳ್ತೀನಿ. ಅಜ್ಜಿ ಕಿವಿಯ ಓಲೆ ಅಂಗಳದಲ್ಲಿ ಎಲ್ಲೋ ಬಿದ್ದುಹೋಗಿತ್ತು. ಅಂಗಳದ ಒಂದು ಮೂಲೇಲಿ ಬಾವಿ. ಮೊದಲು ಯಾರಿಗೂ ಬಾವಿ ಚಿಂತೆ ಇರಲಿಲ್ಲ, ಅಷ್ಟು ದೊಡ್ಡ ಅಂಗಳದಲ್ಲಿ ಬಾವಿ ಎಷ್ಟು ಜಾಗ. ಹುಡುಕ್ತಾ ಹುಡುಕ್ತಾ ಅರ್ಧ ಅಂಗಳ ಮುಗೀತು, ಸಿಗಲಿಲ್ಲ. ಮುಕ್ಕಾಲು ಮುಗೀತು, ಸಿಗಲಿಲ್ಲ. ಆಗ ಅಜ್ಜಿ "ಬಾವಿಗೇ ಬಿದ್ದಿರಬೇಕು" ಅಂತ ಕೂತುಬಿಟ್ರು. ಓಲೆ ಜಾಗ ಬದಲಾಯಿಸಿರಲಿಲ್ಲ ನೋಡಿ, ಹುಡುಕದೆ ಉಳಿದ ಜಾಗ ಕಮ್ಮಿ ಆದಂಗೆಲ್ಲ ಅದರೊಳಗೆ ಬಾವಿಯ ಪಾಲು ಜಾಸ್ತಿ ಆಯ್ತು ಅಷ್ಟೇ. ಕೊನೆಗೆ ತುಳಸಿಕಟ್ಟೆ ಸಂದೀಲಿ ಸಿಕ್ತು. ಆ ಕ್ಷಣಕ್ಕೆ ಬಾವಿ ಚಾನ್ಸ್ ಸೊನ್ನೆ.

ಅಪೋಫಿಸ್ ಕಥೆನೂ ಡಿಟ್ಟೋ ಇದೇ. 2029ರಲ್ಲಿ ಅದು ಎಲ್ಲಿರಬಹುದು ಅನ್ನೋ ಜಾಗ ಲಕ್ಷಾಂತರ ಕಿಮೀ ಉದ್ದ ಇತ್ತು, ಭೂಮಿ ಅದರೊಳಗಿನ ಬಾವಿ. ಅಳತೆ ಜಾಸ್ತಿ ಆದಂಗೆ ಜಾಗ ಕಿರಿದಾಯ್ತು, ಭೂಮಿ ಪಾಲು ಏರ್ತು. ಅಷ್ಟೊತ್ತಿಗೆ ಅರಿಜೋನಾದ ಸ್ಪೇಸ್‌ವಾಚ್‌ನವರು ತಮ್ಮ ಹಳೇ ಫೋಟೋ ಕೆದಕಿ ನೋಡಿದ್ರು, 2004ರ ಮಾರ್ಚ್‌ನಲ್ಲಿ ತೆಗೆದ ಫೋಟೋದಲ್ಲಿ ಮಸುಕಾಗಿ ಅದೇ ಕಲ್ಲು ಸಿಕ್ತು. ಯಾರೂ ಗಮನಿಸಿರಲಿಲ್ಲ ಅಷ್ಟೇ, ಅದು ಅಲ್ಲೇ ಇತ್ತು. ಅದನ್ನ ಸೇರಿಸಿ ಲೆಕ್ಕ ಹಾಕಿದ್ದೇ ತಡ, 2029ರ ಡಿಕ್ಕಿ ಸಾಧ್ಯತೆ ಅವತ್ತೇ ಮುಗೀತು. ಹಂಗಾಗಿ ಅವತ್ತು ಹೇಳಿದ್ದು ಸುಳ್ಳಲ್ಲ, ಇವತ್ತು ಹೇಳ್ತಿರೋದೂ ಸುಳ್ಳಲ್ಲ. ಗೊತ್ತಿದ್ದಷ್ಟನ್ನ ಗೊತ್ತಾದ ದಿನವೇ ಬಿಚ್ಚಿ ಹೇಳಿದ್ರು, ಅದಕ್ಕೇ ನಂಗೆ ಅವರ ಮೇಲೆ ನಂಬಿಕೆ.

2036 ಮತ್ತೆ 2068ರ ಗಲಾಟೆ ಏನದು?

2029ರಲ್ಲಿ ಭೂಮಿ ಪಕ್ಕ ಹೋಗುವಾಗ ನಮ್ಮ ಗುರುತ್ವ ಅದರ ದಾರಿನ ಬಗ್ಗಿಸುತ್ತೆ, ಸ್ವಲ್ಪ ಅಲ್ಲ, ಚೆನ್ನಾಗೇ ಬಗ್ಗಿಸುತ್ತೆ. ಈಗ ಸೂರ್ಯನ ಸುತ್ತ ಒಂದು ರೌಂಡ್ ಹಾಕೋಕೆ 324 ದಿನ ತಗೊಳ್ಳೋದು, ಆಮೇಲೆ ಒಂದು ವರ್ಷಕ್ಕಿಂತ ಜಾಸ್ತಿನೇ ತಗೊಳ್ಳುತ್ತೆ. ಎಷ್ಟು ಬಗ್ಗುತ್ತೆ ಅನ್ನೋದು ಎಷ್ಟು ಹತ್ತಿರ ಹೋಗುತ್ತೆ ಅನ್ನೋದರ ಮೇಲೆ. ಆ ದಾರೀಲಿ ಸುಮಾರು 600 ಮೀಟರ್ ಅಗಲದ ಒಂದು ಸಂದಿ ಇತ್ತು, ಕೀಲಿಕಿಂಡಿ ಅಂತಾರೆ, ಕರೆಕ್ಟಾಗಿ ಅದರೊಳಗೇ ಹಾದುಹೋಗಿದ್ರೆ 2036ಕ್ಕೆ ವಾಪಸ್ ಬಂದು ಬಡಿಯೋ ದಾರಿಗೆ ಬೀಳ್ತಿತ್ತು. 2013ರ ಜನವರಿಲಿ ಅದು ಸುಮಾರು 1.45 ಕೋಟಿ ಕಿಮೀ ದೂರದಲ್ಲಿ ಹಾದುಹೋದಾಗ ಅಳೆದು 2036ನ್ನ ತೆಗೆದುಹಾಕಿದ್ರು.

ಉಳಿದಿದ್ದು 2068. ಅದು ಯಾಕೆ ಅಷ್ಟು ದಿನ ಉಳೀತು ಅಂದ್ರೆ ಸೂರ್ಯನ ಬಿಸಿಲಿಂದ. ಬೇಸಿಗೇಲಿ ಸಂಜೆ ಏಳಕ್ಕೆ ತಾರಸಿ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ಸೂರ್ಯ ಮುಳುಗಿದ್ರೂ ಕಾಲಿಗೆ ಬಿಸಿ ತಾಗ್ತಾ ಇರುತ್ತೆ. ಕಲ್ಲು ಹಗಲು ಕುಡಿದ ಬಿಸಿನ ಸಂಜೆ ಹೊರಗೆ ಬಿಡುತ್ತೆ. ಅಪೋಫಿಸ್ಸೂ ತಿರುಗ್ತಾ ತಿರುಗ್ತಾ ತನ್ನ ಸಂಜೆ ಕಡೆಯಿಂದ ಬಿಸಿ ಬಿಡ್ತಾ ಇರುತ್ತೆ, ಆ ಬಿಸಿ ಹೊರಗೆ ಹೋಗುವಾಗ ಕಲ್ಲನ್ನ ಉಸಿರಷ್ಟು ಮೆತ್ತಗೆ ತಳ್ಳುತ್ತೆ. ಯಾರ್ಕೋವ್‌ಸ್ಕಿ ಪರಿಣಾಮ ಅಂತ ಅದರ ಹೆಸರು. ಇದರಿಂದ ಅಪೋಫಿಸ್ ಕಕ್ಷೆ ವರ್ಷಕ್ಕೆ ಸುಮಾರು 200 ಮೀಟರ್ ಒಳಗೆ ಜರುಗುತ್ತೆ. ಆಕಾಶದ ಲೆಕ್ಕದಲ್ಲಿ 200 ಮೀಟರ್ ಏನೂ ಅಲ್ಲ ಅನ್ನಿಸುತ್ತೆ, ಆದ್ರೆ ಇದನ್ನ ಅಳೆಯದೆ 2068ರ ಬಗ್ಗೆ ಖಂಡಿತ ಹೇಳೋಕೆ ಆಗ್ತಿರಲಿಲ್ಲ.

2021ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ಗೋಲ್ಡ್‌ಸ್ಟೋನ್‌ನಲ್ಲಿರೋ 70 ಮೀಟರ್ ಆಂಟೆನಾದಿಂದ ಅಪೋಫಿಸ್ ಕಡೆ ರೇಡಿಯೋ ಅಲೆ ಬಿಟ್ರು, ಬಡಿದು ವಾಪಸ್ ಬಂದ ಪ್ರತಿಧ್ವನಿನ ವೆಸ್ಟ್ ವರ್ಜೀನಿಯಾದ ಗ್ರೀನ್ ಬ್ಯಾಂಕ್ ಟೆಲಿಸ್ಕೋಪ್ ಹಿಡೀತು. 1.7 ಕೋಟಿ ಕಿಮೀ ದೂರ ಇದ್ದ ಕಲ್ಲಿನ ದೂರನ 150 ಮೀಟರ್ ಆಚೆಈಚೆಗೆ ಅಳೆದ್ರು. 2029ರಲ್ಲಿ ಎಲ್ಲಿರುತ್ತೆ ಅನ್ನೋದರಲ್ಲಿ ಮೊದಲು ನೂರಾರು ಕಿಮೀ ಅನುಮಾನ ಇತ್ತು, ಇದಾದ್ಮೇಲೆ ಬರೀ ಕೆಲವು ಕಿಮೀ. ಕೀಲಿಕಿಂಡಿಗಳೆಲ್ಲ ಆ ಕೆಲವು ಕಿಮೀ ಹೊರಗೆ. ಹಂಗಾಗಿ 2068ನೂ ಹೋಯ್ತು.

ಹಂಗಾದ್ರೆ ಸಮುದ್ರ ಉಕ್ಕೋದು, ಭೂಕಂಪ ಆಗೋದು ಏನಾದ್ರೂ?

ಇಲ್ಲ. ಅಪೋಫಿಸ್ ತೂಕ ಕೆಲವು ಕೋಟಿ ಟನ್ ಅಂದಾಜು. ಕೇಳೋಕೆ ಭಾರಿ, ಆದ್ರೆ ಚಂದ್ರನ ಮುಂದೆ ಇಟ್ರೆ ಲೆಕ್ಕಕ್ಕೇ ಇಲ್ಲ. ದಿನಾ ಚಂದ್ರ ಎಳೆದಾಗ ಉಕ್ಕೋ ಅಲೆನೇ ಮಲ್ಪೆ, ಕಾರವಾರದಲ್ಲಿ ನೋಡ್ತೀವಿ, ಇದು ಎಳೆದಿದ್ದು ಯಾವ ಉಪಕರಣಕ್ಕೂ ಗೊತ್ತಾಗಲ್ಲ.

ಗ್ರಹಣದ ತರ ಊಟ ಮಾಡಬಾರದಾ? ಗರ್ಭಿಣಿಯರು ಹೊರಗೆ ಬರಬಾರದಾ?

ಇದನ್ನ ನಮ್ಮ ಪಕ್ಕದ ಮನೆ ಅಕ್ಕ ಸಂಕೋಚದಿಂದಲೇ ಕೇಳಿದ್ರು, ಅದಕ್ಕೆ ನೇರವಾಗಿ ಹೇಳ್ತೀನಿ: ಇದು ಏನನ್ನೂ ಮರೆ ಮಾಡಲ್ಲ, ಯಾವ ಕಿರಣನೂ ಬಿಡಲ್ಲ. ಸೂರ್ಯನ ಬೆಳಕು ಬಿದ್ದು ಹೊಳೆಯೋ ಒಂದು ಚುಕ್ಕಿ, ಚಂದ್ರನ್ನ ನೋಡಿದಷ್ಟೇ ಸುರಕ್ಷಿತ. ಬಿಸಿಬಿಸಿ ಊಟ ಮಾಡಿ, ಸ್ವೆಟರ್ ಹಾಕ್ಕೊಂಡು ಹೊರಗೆ ಬನ್ನಿ.

ನಮ್ಮ ಕಡೆಯಿಂದ ಕಾಣ್ಸುತ್ತಾ?

ಕಾಣ್ಸುತ್ತೆ, ಆದ್ರೆ ಇಲ್ಲಿ ಒಂದು ವಿಷಯ ಹುಷಾರಾಗಿ ತಿಳ್ಕೊಳ್ಳಿ, ಇಲ್ಲಾಂದ್ರೆ ಮಿಸ್ ಆಗುತ್ತೆ. ಅತಿ ಹತ್ತಿರ ಬರೋದು 14ರ ಬೆಳಗಿನ ಜಾವ ಮೂರೂಕಾಲಿಗೆ ಅಂದ್ನಲ್ಲ, ಆ ಹೊತ್ತಿಗೆ ಅದು ಅಟ್ಲಾಂಟಿಕ್ ಸಾಗರದ ಮೇಲಿರುತ್ತೆ, ನಮಗೆ ದಿಗಂತದ ಕೆಳಗೆ. ಅಲಾರಂ ಇಟ್ಕೊಂಡು ಮೂರು ಗಂಟೆಗೆ ಎದ್ರೆ ಏನೂ ಸಿಗಲ್ಲ. ಅದು ಆಸ್ಟ್ರೇಲಿಯಾ ಕಡೆಯಿಂದ ಹಿಂದೂ ಮಹಾಸಾಗರದ ಮೇಲೆ ಬಂದು ಆಫ್ರಿಕಾ ದಾಟಿ ಹೋಗೋದು, ಹಂಗಾಗಿ ನಾವು ನೋಡಬೇಕಾಗಿರೋದು 13ನೇ ತಾರೀಖು ರಾತ್ರಿ. ಮೊದಮೊದಲು ಬೈನಾಕುಲರ್ ಬೇಕು, ರಾತ್ರಿ ಏರಿದಂಗೆ ಹೊಳಪೂ ಏರ್ತಾ ಪಶ್ಚಿಮದ ಕಡೆ ಇಳಿಯುತ್ತೆ. ಇನ್ನೊಂದು ಅದೃಷ್ಟ ಏನಂದ್ರೆ ಅದು ಅಮಾವಾಸ್ಯೆ ಆಸುಪಾಸಿನ ರಾತ್ರಿ, ಚಂದ್ರನ ಬೆಳಕಿನ ಕಾಟ ಇಲ್ಲ.

ಹೊಳಪು ಎಷ್ಟಿರುತ್ತೆ ಅಂದ್ರೆ, ಸಪ್ತರ್ಷಿ ಮಂಡಲದಲ್ಲಿ ಏಳು ನಕ್ಷತ್ರ ಇದಾವಲ್ಲ, ಸೌಟಿನ ಹಿಡಿ ಬಟ್ಟಲಿಗೆ ಸೇರೋ ಜಾಗದಲ್ಲಿ ಒಂದೇ ಒಂದು ಮಂಕಾಗಿದೆ ನೋಡಿ, ಅತ್ರಿ ಅಂತ. ಪ್ರಪಂಚದಲ್ಲಿ ಎಲ್ಲಿ ಅತಿ ಚೆನ್ನಾಗಿ ಕಾಣುತ್ತೋ ಅಲ್ಲೂ ಸುಮಾರು ಅಷ್ಟೇ ಹೊಳಪು, ನಮಗೆ ಇನ್ನೂ ಸ್ವಲ್ಪ ಕಮ್ಮಿ. ಇವತ್ತೇ ರಾತ್ರಿ ನಿಮ್ಮ ತಾರಸಿಯಿಂದ ಅತ್ರಿ ಕಾಣ್ಸುತ್ತಾ ಅಂತ ನೋಡಿ. ಬೆಂಗಳೂರಲ್ಲಿ ನಮ್ಮ ಏರಿಯಾದಿಂದ ಕಾಣಲ್ಲ, ಬೀದಿದೀಪದ ಬಿಳಿ ಮಂಜು ಮುಚ್ಚಿಬಿಡುತ್ತೆ. ಅತ್ರಿ ಕಾಣದ ಜಾಗದಿಂದ ಬರಿಗಣ್ಣಿಗೆ ಅಪೋಫಿಸ್ಸೂ ಕಾಣಲ್ಲ, ಊರ ಹೊರಗೆ ಹೋಗಲೇಬೇಕು.

ಉಲ್ಕೆ ತರ ಸರ್ ಅಂತ ಹೋಗುತ್ತಾ?

ಇಲ್ಲ ಇಲ್ಲ. ಬಾಲ ಇರಲ್ಲ, ಬೆಂಕಿ ಇರಲ್ಲ. ಒಂದು ಸಾಮಾನ್ಯ ನಕ್ಷತ್ರ, ಆದ್ರೆ ಸುಮ್ಮನೆ ಕೂರಲ್ಲ. ಅತಿ ಜೋರಾಗಿ ಓಡೋ ಹೊತ್ತಲ್ಲಿ ಒಂದು ನಿಮಿಷಕ್ಕೆ ಚಂದ್ರನ ಅಗಲದಷ್ಟು ಜರುಗುತ್ತೆ. ಸ್ಪೇಸ್ ಸ್ಟೇಷನ್ ಹಾದು ಹೋಗೋದು ನೋಡಿದೀರಾದ್ರೆ ಅದಕ್ಕಿಂತ ತುಂಬಾ ನಿಧಾನ, ಗಡಿಯಾರದ ದೊಡ್ಡ ಮುಳ್ಳು ನೋಡಿದಂಗೆ. ಪಕ್ಕದ ಎರಡು ನಕ್ಷತ್ರ ಗುರುತಿಟ್ಕೊಂಡು ಐದು ನಿಮಿಷ ಬಿಟ್ಟು ನೋಡಿದ್ರೆ ಗೊತ್ತಾಗುತ್ತೆ. ಒಂದು ಗುಡ್ಡ ನಮ್ಮ ಪಕ್ಕ ಹಾದು ಹೋಗ್ತಿರೋದನ್ನ ಬರಿಗಣ್ಣಲ್ಲಿ ನೋಡೋದು ಅಂದ್ರೆ ನಂಗೆ ಈಗಲೇ ಮೈ ಜುಮ್ಮಂತಿದೆ.

ಭೂಮಿಯಿಂದ ಅದಕ್ಕೇನಾದ್ರೂ ಆಗುತ್ತಾ?

ಇದನ್ನ ಯಾರೂ ಕೇಳಲ್ಲ, ನಾನೇ ಸೇರಿಸಿದೀನಿ, ಯಾಕಂದ್ರೆ ವಿಜ್ಞಾನಿಗಳು ಕಾಯ್ತಿರೋದೇ ಇದಕ್ಕೆ. ನಾವು ಅದನ್ನ ನೋಡಿ ಹೆದರಿದ್ರೆ ನಿಜವಾಗಿ ಅಲುಗಾಡೋದು ಅದು. ಈಗ ಅದು ಸುಮಾರು 30 ಗಂಟೆಗೊಂದ್ಸಲ ಸುತ್ತುತ್ತೆ, ಅದೂ ನೆಟ್ಟಗೆ ಬುಗುರಿ ತರ ಅಲ್ಲ, ಬುಗುರಿ ಬೀಳೋ ಮುಂಚೆ ವಾಲಾಡ್ತಾ ಸುತ್ತುತ್ತಲ್ಲ ಹಂಗೆ. ಭೂಮಿ ಗುರುತ್ವ ಎಳೆದಾಗ ಆ ಸುತ್ತು ಬದಲಾಗುತ್ತೆ, ಮೇಲಿನ ಕಲ್ಲು ಮಣ್ಣು ಅಲ್ಲಲ್ಲಿ ಜಾರಬಹುದು, ಒಳಗೆ ಸಣ್ಣದಾಗಿ ನಡುಗಬಹುದು. ಒಳಗೆ ಗಟ್ಟಿ ಬಂಡೆನಾ ಅಥವಾ ಜಲ್ಲಿ ರಾಶಿ ಹಾಕಿದಂಗಾ ಅನ್ನೋದು ಅದರಿಂದ ತಿಳಿಯುತ್ತೆ. ಮುಂದೊಂದು ದಿನ ನಿಜವಾಗಿ ಬಡಿಯೋ ಕಲ್ಲು ಬಂದ್ರೆ ತಳ್ಳೋಕೆ ಆ ಮಾಹಿತಿ ಬೇಕೇ ಬೇಕು, ಗಟ್ಟಿ ಬಂಡೆ ತಳ್ಳೋದೇ ಬೇರೆ ಜಲ್ಲಿ ರಾಶಿ ತಳ್ಳೋದೇ ಬೇರೆ.

ಯಾರಾದ್ರೂ ಅಲ್ಲಿಗೆ ಹೋಗ್ತಿದಾರಾ?

ಯುರೋಪಿನ ಸ್ಪೇಸ್ ಏಜೆನ್ಸಿ ರಾಮ್ಸೆಸ್ ಅನ್ನೋ ನೌಕೆನ ಜಪಾನ್ ಜೊತೆ ಸೇರಿ 2028ರಲ್ಲಿ ಕಳಿಸೋ ಪ್ಲಾನ್ ಮಾಡಿದೆ, 2029ರ ಫೆಬ್ರವರಿಗೇ ತಲುಪಿ ಅಪೋಫಿಸ್ ಜೊತೆಜೊತೆಗೇ ಭೂಮಿ ಪಕ್ಕ ಬರೋದು, ಮೊದಲು ಹೆಂಗಿತ್ತು ಆಮೇಲೆ ಹೆಂಗಾಯ್ತು ಅಂತ ನೋಡೋದು. ಬೆನ್ನು ಅನ್ನೋ ಇನ್ನೊಂದು ಕ್ಷುದ್ರಗ್ರಹದ ಮಣ್ಣನ್ನ 2023ರ ಸೆಪ್ಟೆಂಬರ್ 24ಕ್ಕೆ ಯೂಟಾ ಮರುಭೂಮಿಗೆ ಇಳಿಸಿಕೊಟ್ಟ ನಾಸಾ ನೌಕೆಗೂ ಈಗ ಒಸೈರಿಸ್ ಅಪೆಕ್ಸ್ ಅಂತ ಹೊಸ ಹೆಸರಿಟ್ಟು ಇದರ ಕಡೆಗೇ ತಿರುಗಿಸಿದಾರೆ. ಅದು ಸೇರೋದು ಹಾದು ಹೋದ ಮೇಲೆ.

ನಮ್ಮ ದೇಶದವರು ಏನ್ ಮಾಡ್ತಿದಾರೆ?

2024ರ ಜುಲೈಲಿ ಇಸ್ರೋ ಬೆಂಗಳೂರಲ್ಲೇ ಭೂಮಿ ರಕ್ಷಣೆ ಬಗ್ಗೆ ವರ್ಕ್‌ಶಾಪ್ ಮಾಡ್ತು. ಅದಕ್ಕಿಂತ ಹಳೇ ಕಥೆ ನಂಗೆ ಜಾಸ್ತಿ ಇಷ್ಟ. ಕೋರಮಂಗಲದಲ್ಲಿರೋ ಭಾರತೀಯ ಖಭೌತ ಸಂಸ್ಥೆಯವರದ್ದು ತಮಿಳುನಾಡಿನ ಕಾವಲೂರಲ್ಲಿ ವೇಣು ಬಾಪು ವೀಕ್ಷಣಾಲಯ ಇದೆ. 1988ರಲ್ಲಿ ಅಲ್ಲಿಂದ ಆರ್. ರಾಜಮೋಹನ್ ಒಂದು ಕ್ಷುದ್ರಗ್ರಹ ಕಂಡುಹಿಡಿದ್ರು, ಅದಕ್ಕೆ ಗಣಿತಜ್ಞ ರಾಮಾನುಜನ್ ಹೆಸರಿಟ್ಟಿದಾರೆ, ನಂಬರ್ 4130. ಅದು ಭೂಮಿ ಹತ್ರ ಬರೋದಲ್ಲ, ಮಂಗಳ ಗುರು ಗ್ರಹಗಳ ನಡುವೆ ತನ್ನ ಪಾಡಿಗೆ ಸುತ್ತಿಕೊಂಡಿದೆ.

ಬಡಿಯೋ ತರದ್ದು ಬಂದ್ರೆ ನಮ್ಮ ಹತ್ರ ಏನಾದ್ರೂ ಉಪಾಯ ಇದೆಯಾ?

ಇದೆ, ಟೈಮ್ ಮೊದಲೇ ಗೊತ್ತಿದ್ರೆ. 2022ರ ಸೆಪ್ಟೆಂಬರ್ 26ಕ್ಕೆ ನಾಸಾದ ಡಾರ್ಟ್ ನೌಕೆ 160 ಮೀಟರ್ ಅಗಲದ ಡಿಮಾರ್ಫಸ್ ಅನ್ನೋ ಕ್ಷುದ್ರಗ್ರಹಕ್ಕೆ ಬೇಕಂತಲೇ ಗುದ್ದಿತು. ಅದು ತನ್ನ ದೊಡ್ಡಣ್ಣನಂಥ ಇನ್ನೊಂದು ಕ್ಷುದ್ರಗ್ರಹದ ಸುತ್ತ ಸುತ್ತೋಕೆ 11 ಗಂಟೆ 55 ನಿಮಿಷ ತಗೊಳ್ತಿತ್ತು, ಗುದ್ದಿದ ಮೇಲೆ ಅರ್ಧ ಗಂಟೆಗೂ ಜಾಸ್ತಿ ಕಮ್ಮಿ ಆಯ್ತು. ಮನುಷ್ಯ ಒಂದು ಆಕಾಶಕಾಯದ ದಾರಿ ಬದಲಾಯಿಸಿದ್ದು ಅದೇ ಮೊದಲು.

ನಂಗೆ ಭಯ ಇರೋದು ಗೊತ್ತಿರೋದರ ಬಗ್ಗೆ ಅಲ್ಲ, ಗೊತ್ತಿಲ್ಲದ ಸಣ್ಣವರ ಬಗ್ಗೆ. 2013ರ ಫೆಬ್ರವರಿ 15ಕ್ಕೆ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ 20 ಮೀಟರ್ ಆಸುಪಾಸಿನ ಕಲ್ಲು ಗಾಳಿಯಲ್ಲೇ ಸಿಡೀತು, ಯಾರಿಗೂ ಮೊದಲೇ ಗೊತ್ತಿರಲಿಲ್ಲ. ಬೆಳಕು ನೋಡಿ ಜನ ಕಿಟಕಿ ಹತ್ರ ಬಂದ್ರು, ಬೆಳಕಿನ ಹಿಂದೆ ನಿಧಾನಕ್ಕೆ ಬಂದ ಒತ್ತಡದ ಅಲೆ ಗಾಜೆಲ್ಲ ಪುಡಿ ಮಾಡ್ತು. ಸುಮಾರು 1500 ಜನಕ್ಕೆ ಗಾಯ, ಜಾಸ್ತಿ ಪಾಲು ಗಾಜಿಂದಲೇ. ಹಂಗಾಗಿ ಆಕಾಶದಲ್ಲಿ ಅಂಥ ಬೆಳಕು ಕಂಡ್ರೆ ಕಿಟಕಿಯಿಂದ ದೂರ ಹೋಗಿ, ಮಕ್ಕಳಿಗೂ ಹೇಳಿಕೊಡಿ.

ವಾರಕ್ಕೊಂದ್ಸಲ ಮೊಬೈಲಲ್ಲಿ "ಭೂಮಿಯತ್ತ ನುಗ್ಗುತ್ತಿದೆ" ಅಂತ ಬರುತ್ತಲ್ಲ?

ಆ ಸುದ್ದೀಲಿ ದೂರ ಎಷ್ಟು ಅಂತ ಮೊದಲು ಹುಡುಕಿ. ಚಂದ್ರ 3,84,000 ಕಿಮೀ ದೂರ ಅಂತ ನೆನಪಿಟ್ಕೊಂಡು ಹೋಲಿಸಿ. ಎಷ್ಟೋ ಸಲ ಆ "ನುಗ್ಗುವ" ಕಲ್ಲು ಚಂದ್ರನಿಗಿಂತ ಹತ್ತು ಹದಿನೈದು ಪಟ್ಟು ಆಚೆ ಇರುತ್ತೆ. ಹಿಂಗೆ ಹೆದರಿಸಿ ಕ್ಲಿಕ್ ಮಾಡಿಸೋದು ತಪ್ಪು, ವಯಸ್ಸಾದವರು ರಾತ್ರಿ ನಿದ್ದೆ ಬಿಟ್ಟು ಕೂರ್ತಾರೆ. ಪರ್ಸೆಂಟೇಜ್ ಏರ್ತಿದೆ ಅಂತ ಬಂದ್ರೆ ಅಜ್ಜಿ ಓಲೆ ನೆನಪಿಸ್ಕೊಳ್ಳಿ. 2024 ವೈಆರ್4 ಅಂತ ಒಂದು ಬಂತಲ್ಲ, 2025ರ ಫೆಬ್ರವರಿಲಿ 3.1 ಪರ್ಸೆಂಟ್‌ವರೆಗೂ ಏರಿ ಅದಾದ ಕೆಲವೇ ದಿನದಲ್ಲಿ ಭೂಮಿಗೆ ಬಡಿಯಲ್ಲ ಅಂತ ಆಯ್ತು, ಅದೇ ತುಳಸಿಕಟ್ಟೆ ಲೆಕ್ಕ.

ಈಗಿಂದ ಏನ್ ತಯಾರಿ ಮಾಡ್ಕೋಬೇಕು?

ಸಾಧಾರಣ ಬೈನಾಕುಲರ್ ಇದ್ರೆ ಸಾಕು. ಬೆಂಗಳೂರಿನ ನೆಹರೂ ತಾರಾಲಯ, ಮಂಗಳೂರಿನ ಪಿಲಿಕುಳ ತಾರಾಲಯಕ್ಕೆ ಒಂದ್ಸಲ ಮಕ್ಕಳನ್ನ ಕರ್ಕೊಂಡು ಹೋಗಿ, ನಕ್ಷತ್ರ ಗುರುತಿಸೋದು ಕಲೀಲಿ. ವಿಶ್ವಸಂಸ್ಥೆ 2029ನ್ನ ಕ್ಷುದ್ರಗ್ರಹ ಜಾಗೃತಿ ವರ್ಷ ಅಂತ ಘೋಷಿಸಿದೆ, ಶಾಲೆ ಮೇಷ್ಟ್ರುಗಳಿಗೆ ಇದಕ್ಕಿಂತ ಒಳ್ಳೆ ನೆಪ ಬೇಕಾ. ಪಶ್ಚಿಮಕ್ಕೆ ಬಯಲಿರೋ ಕತ್ತಲ ಜಾಗ ಈಗಲೇ ನೋಡಿಟ್ಕೊಳ್ಳಿ.

ಅತ್ತೆಗೆ ಇದೆಲ್ಲಾ ಫೋನಲ್ಲೇ ಹೇಳಿದೆ, ಅವರು ನಿಂಬೆಹಣ್ಣು ಟೇಬಲ್ ಮೇಲಿಟ್ಟು ಅರ್ಧ ಗೇಣು ಅಳೆದೂ ನೋಡಿದ್ರು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಮನೆಯಿಂದ ಆಗಲ್ಲ ಕಣೋ, ಪಡುಗಡೆಗೆ ತೆಂಗಿನ ತೋಟ ಅಡ್ಡ ಬರ್ತದೆ, ಅವತ್ತು ನೀನು ಬಾ, ಪುಟ್ಟನ್ನ ಕರ್ಕೊಂಡು ಕೆರೆ ಏರಿ ಮೇಲೆ ಹೋಗನ" ಅಂದ್ರು.